ಎಂಟರಲ್ಲಿ ಐದು ಸೆಗ್‌ಮೆಂಟ್ 1934ಕ್ಕೆ ಹೋಗಿ ಕೂತಿವೆ. ಹೊಸ ಫ್ಲೂ ತಳಿ ಸಿಕ್ಕಿತಾ, ಇಲ್ಲ ನಾನೇ ಎಡವಿದ್ನಾ?

ಬಯೋಇನ್ಫೋ_ಬಡಪಾಯಿ • ರಾತ್ರಿ 9:12
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಕೊನೇ ಸೆಮಿಸ್ಟರ್ ನಾನು. ಪ್ರಾಜೆಕ್ಟು ಏನಂದ್ರೆ, 2009ರ ಹಂದಿಜ್ವರದ ಎಚ್1ಎನ್1 ಮತ್ತು ಅಲ್ಲಿಂದ 2015ರವರೆಗೆ ಭಾರತದಲ್ಲಿ ಸಿಕ್ಕ ಎಚ್1ಎನ್1 ತಳಿಗಳ ಜೀನುಗಳನ್ನ ಕಂಪ್ಯೂಟರಿನಲ್ಲಿ ಹೋಲಿಸೋದು. ಲ್ಯಾಬ್ ಕೆಲಸ ಏನೂ ಇಲ್ಲ, ಎಲ್ಲಾ ಜೆನ್‌ಬ್ಯಾಂಕ್ ಅನ್ನೋ ಸಾರ್ವಜನಿಕ ಡೇಟಾಬೇಸಿನಿಂದ ಇಳಿಸಿಕೊಂಡಿದ್ದು. 64 ವೈರಸ್, ಒಂದೊಂದಕ್ಕೂ ಎಂಟು ಸೆಗ್‌ಮೆಂಟ್, ಅಂದ್ರೆ ಆರ್‌ಎನ್‌ಎ ತುಂಡು. ಮಾಫ್ಟ್ ಅನ್ನೋ ಪ್ರೋಗ್ರಾಂನಲ್ಲಿ ಅಲೈನ್ ಮಾಡಿ (ಅಕ್ಷರಕ್ಕೆ ಅಕ್ಷರ ಎದುರು ಬರೋ ಹಾಗೆ ಸಾಲು ಹಚ್ಚಿ), ಐಕ್ಯೂ-ಟ್ರೀನಲ್ಲಿ ಸೆಗ್‌ಮೆಂಟಿಗೊಂದರಂತೆ ಎಂಟು ಟ್ರೀ, ಅಂದ್ರೆ ವಂಶವೃಕ್ಷ, ಕಟ್ಟಿದೆ. ಬೇರು ಎಲ್ಲಿ ಅಂತ ಗೊತ್ತಾಗಲಿ ಅಂತ 1934ರ ಪೋರ್ಟೊರಿಕೊ ತಳಿನೂ ಸೇರಿಸಿದ್ದೆ.

ಈಗ ನೋಡಿದ್ರೆ ಎಚ್‌ಎ, ಎನ್‌ಎ, ಪಿಬಿ1 ಅನ್ನೋ ಸೆಗ್‌ಮೆಂಟುಗಳ ಮೂರು ಟ್ರೀಗಳಲ್ಲಿ "ಕ್ಯಾಲಿಫೋರ್ನಿಯಾ_2009_3" ಅನ್ನೋದು ತನ್ನ 2009ರ ಬಳಗದ ಜೊತೆ ಒಳ್ಳೆ ಹುಡುಗನ ಥರ ಕೂತಿದೆ. ಉಳಿದ ಐದರಲ್ಲಿ ಮಾತ್ರ ಅದು ನೆಟ್ಟಗೆ ಹೋಗಿ 1934ರ ತಳಿಗೆ ಅಂಟಿಕೊಂಡಿದೆ. ಎರಡಕ್ಕೂ ನಡುವೆ ವ್ಯತ್ಯಾಸ ಅಂತ ಇರೋದು ಬೆರಳೆಣಿಕೆ ಅಕ್ಷರ (ಜೀನಿನ ಎ, ಸಿ, ಜಿ, ಟಿ). ಆ ಕೊಂಬೆಯನ್ನ ಎಷ್ಟು ನಂಬಬಹುದು ಅಂತ ಹೇಳೋ ಬೂಟ್‌ಸ್ಟ್ರ್ಯಾಪ್ ಅಂಕ ನೂರಕ್ಕೆ 100.

ಇದು ರೀಅಸಾರ್ಟ್‌ಮೆಂಟ್, ಅಂದ್ರೆ ಎರಡು ತಳಿಗಳ ಸೆಗ್‌ಮೆಂಟ್ ಅದಲುಬದಲಾಗಿದ್ದು, ತಾನೇ? ಯಾರೂ ಗಮನಿಸಿಲ್ವಾ? ಗೈಡ್‌ಗೆ ಹೇಳಲಾ ಬೇಡ್ವಾ?

ಸುಮ್ನೆ_ಓದೋನು • ರಾತ್ರಿ 9:20
ನೊಬೆಲ್ ಬಂದ್ರೆ ನಮ್ಮನ್ನ ಮರೀಬೇಡಪ್ಪ.

ಧಾರವಾಡ_ಫೇಡಾ • ರಾತ್ರಿ 9:31
ತಮ್ಮಾ, ಮೊದಲ ಆ ಹೆಸರು ಪೂರ್ತಿ ಹಾಕು. "ಕ್ಯಾಲಿಫೋರ್ನಿಯಾ_2009_3" ಅನ್ನೂದು ಯಾವ ಡೇಟಾಬೇಸ್‌ನಾಗೂ ಇರೂದಿಲ್ಲ. ಫ್ಲೂ ವೈರಸ್ಸಿನ ಹೆಸರಿಗೆ ಒಂದು ಪದ್ಧತಿ ಐತಿ: ಎ/ಕ್ಯಾಲಿಫೋರ್ನಿಯಾ/7/2009. ವಿಧ, ಊರು, ಲ್ಯಾಬಿನ ನಂಬರು, ವರ್ಷ. ಮನುಷ್ಯಾರದ್ದಲ್ಲ ಅಂದ್ರ ನಡುವ ಬಾತುಕೋಳಿನೋ ಹಂದಿನೋ ಅಂತ ಬರೀತಾರ. ಆ "3" ಯಾರ ಇಟ್ಟಾರ?

ಬಯೋಇನ್ಫೋ_ಬಡಪಾಯಿ • ರಾತ್ರಿ 9:38
ಸೀನಿಯರ್ ಒಬ್ಬರು ಕೊಟ್ಟ ಪೈಥಾನ್ ಸ್ಕ್ರಿಪ್ಟ್ ಸರ್. ಮೂಲ ಹೆಸರು ಉದ್ದ ಇದ್ರೆ ಟ್ರೀ ಚಿತ್ರದಲ್ಲಿ ಒಂದರ ಮೇಲೊಂದು ಬರುತ್ತೆ ಅಂತ ಊರು ಮತ್ತು ವರ್ಷ ಮಾತ್ರ ಹೆಕ್ಕಿಕೊಳ್ಳುತ್ತೆ. ಒಂದೇ ಊರು-ವರ್ಷ ಇದ್ರೆ ಕೊನೇಲಿ 1, 2, 3 ಅಂತ ಸೇರಿಸುತ್ತೆ.

ಟರ್ಮಿನಲ್_ತಾತ • ರಾತ್ರಿ 9:44
ಅಲ್ಲೇ ಇದೆ ನಿನ್ನ ನೊಬೆಲ್.

ಲ್ಯಾಬ್‌ಕೋಟ್_ಅಕ್ಕ • ರಾತ್ರಿ 10:05
ಹೆಸರು ಸಿಗೋವರೆಗೆ ಸ್ವಲ್ಪ ಯೋಚನೆ ಮಾಡೋಣ, ಯಾಕಂದ್ರೆ ಪ್ರಶ್ನೆ ಚೆನ್ನಾಗಿದೆ.

ಎಂಟು ಸೆಗ್‌ಮೆಂಟಿಗೆ ಎಂಟು ಟ್ರೀ ಕಟ್ಟಿದ್ದು ಸರಿ. ಎಂಟನ್ನೂ ಉದ್ದಕ್ಕೆ ಹೊಲಿದು 13,500 ಅಕ್ಷರದ ಒಂದೇ ದಾರ ಮಾಡಿ ಒಂದೇ ಟ್ರೀ ಕಟ್ಟುವವರನ್ನ ನೋಡಿದ್ದೀನಿ. ಹಾಗೆ ಮಾಡಿದ್ದಿದ್ರೆ ಈ ವಿಚಿತ್ರ ನಿನ್ನ ಕಣ್ಣಿಗೇ ಬೀಳ್ತಿರಲಿಲ್ಲ, ಎಲ್ಲಾ ಸರಾಸರಿಯಾಗಿ ಮಸುಕಾಗ್ತಿತ್ತು. ಫ್ಲೂ ವೈರಸ್‌ಗೆ ಒಂದು ವಂಶ ಅಂತ ಇರೋದಿಲ್ಲ, ಎಂಟು ವಂಶ ಇರುತ್ತೆ. ಒಂದೇ ಜೀವಕೋಶಕ್ಕೆ ಎರಡು ಬೇರೆ ತಳಿ ಒಟ್ಟಿಗೆ ನುಗ್ಗಿದ್ರೆ ಹೊರಬರೋ ಮರಿಗಳಲ್ಲಿ ಸೆಗ್‌ಮೆಂಟುಗಳು ಅದಲುಬದಲಾಗಿರ್ತವೆ.

2009ರ ವೈರಸ್ಸನ್ನೇ ತಗೋ. ಎಚ್‌ಎ, ಎನ್‌ಪಿ, ಎನ್‌ಎಸ್ ಅಮೆರಿಕದ ಹಂದಿಗಳಲ್ಲಿ ಬಹಳ ಕಾಲದಿಂದ ಇದ್ದ ವಂಶದ್ದು. ಪಿಬಿ2, ಪಿಎ ಹಕ್ಕಿಗಳಿಂದ ಬಂದದ್ದು. ಪಿಬಿ1 ಮನುಷ್ಯರ ಎಚ್3ಎನ್2ನಿಂದ. ಎನ್‌ಎ ಮತ್ತು ಎಂ ಯುರೋಪ್-ಏಷ್ಯಾದ ಹಂದಿಗಳ ವಂಶದ್ದು. ಇಷ್ಟನ್ನೂ ಹೇಳಿದ್ದು ನೀನು ಕಟ್ಟಿರೋ ಥರದ ಟ್ರೀಗಳೇ. ಹಾಗಾಗಿ ರೀಅಸಾರ್ಟ್‌ಮೆಂಟ್ ಅನ್ನೋ ನಿನ್ನ ಅನುಮಾನ ತಪ್ಪಲ್ಲ. ಆದ್ರೆ ಯಾರು ಮಾಡಿದ ರೀಅಸಾರ್ಟ್‌ಮೆಂಟ್ ಅನ್ನೋದು ಬೇರೆ ಪ್ರಶ್ನೆ.

1934ರಿಂದ 2009ಕ್ಕೆ 75 ವರ್ಷ. ಫ್ಲೂನ ಎಚ್‌ಎ ಜೀನಿನಲ್ಲಿ ವರ್ಷಕ್ಕೆ ಐದಾರರಿಂದ ಎಂಟು ಅಕ್ಷರ ಬದಲಾಗುತ್ತೆ, ಉಳಿದವು ಸ್ವಲ್ಪ ನಿಧಾನ. 75 ವರ್ಷ ಊರೂರು ಸುತ್ತಿದ ವೈರಸ್ಸಿನಲ್ಲಿ ಬೆರಳೆಣಿಕೆ ಅಕ್ಷರ ಮಾತ್ರ ಬದಲಾಗೋದಕ್ಕೆ ಸಾಧ್ಯಾನೇ ಇಲ್ಲ. ಅಂದ್ರೆ ಆ ಐದು ಸೆಗ್‌ಮೆಂಟು ಇಷ್ಟು ವರ್ಷ ಎಲ್ಲಿದ್ದವು?

ಸುಮ್ನೆ_ಓದೋನು • ರಾತ್ರಿ 10:09
ಫ್ರಿಜ್ಜಲ್ಲಿ.

ಲ್ಯಾಬ್‌ಕೋಟ್_ಅಕ್ಕ • ರಾತ್ರಿ 10:10
ತಮಾಷೆಗೆ ಹೇಳಿದ್ರೂ ಸರಿಯಾಗೇ ಹೇಳಿದ್ರಿ.

ಓಲೆಗರಿ • ರಾತ್ರಿ 10:26
ನಾನು ಕನ್ನಡ ಮೇಷ್ಟ್ರು, ವಿಜ್ಞಾನ ಬಿಟ್ಟು ಮೂವತ್ತು ವರ್ಷ ಆಯ್ತು. ಆದರೂ ನೀವು ಮಾತಾಡುತ್ತಿರುವುದು ನಮ್ಮ ಗ್ರಂಥಸಂಪಾದನೆಯದ್ದೇ ವಿಚಾರ ಅನ್ನಿಸುತ್ತಿದೆ. ಕವಿ ಬರೆದ ಮೂಲ ಪ್ರತಿ ನಮಗೆ ಸಿಗುವುದಿಲ್ಲ. ಸಿಗುವುದು ಪ್ರತಿಯ ಪ್ರತಿಯ ಪ್ರತಿ. ಲಿಪಿಕಾರ ಒಂದು ಕಡೆ ಒತ್ತಕ್ಷರ ಬಿಟ್ಟಿರುತ್ತಾನೆ, ಅವನ ಪ್ರತಿ ನೋಡಿ ಬರೆದವರೆಲ್ಲ ಅದೇ ತಪ್ಪನ್ನು ಹೊತ್ತುಕೊಂಡು ಬರುತ್ತಾರೆ. ಪಾಠಾಂತರಗಳನ್ನು ಪಕ್ಕಪಕ್ಕ ಇಟ್ಟು, ಯಾವ ಓಲೆ ಯಾವ ಓಲೆಯ ಮಗು ಅಂತ ವಂಶವೃಕ್ಷ ಬರೆಯುತ್ತೇವೆ. ಒಬ್ಬನೇ ಲಿಪಿಕಾರ ಮೂರು ಆಶ್ವಾಸ ಒಂದು ಮಠದ ಪ್ರತಿಯಿಂದ, ಮಿಕ್ಕ ಐದು ಇನ್ನೊಂದು ಮಠದ ಪ್ರತಿಯಿಂದ ನಕಲು ಮಾಡಿದ್ದರೆ? ಆಗ ಒಂದೊಂದು ಆಶ್ವಾಸಕ್ಕೂ ಬೇರೆ ಬೇರೆ ವೃಕ್ಷ ಬರುತ್ತದೆ. ನಿಮ್ಮ ಹುಡುಗನಿಗೆ ಬಂದಿರುವುದು ಅದೇ ತಾನೆ?

ಧಾರವಾಡ_ಫೇಡಾ • ರಾತ್ರಿ 10:33
ಭಾರೀ ಹೇಳಿದ್ರಿ ಸರ್! ನಾಳೆ ಕ್ಲಾಸಿನಾಗ ಇದನ್ನ ಕದೀತೀನಿ. ಒಂದs ಸಣ್ಣ ತಕರಾರು: ಇಬ್ಬರು ಲಿಪಿಕಾರರು ಬ್ಯಾರೆ ಬ್ಯಾರೆ ಊರಾಗ ಕುಂತು ಒಬ್ಬರಿಗೊಬ್ಬರು ಗೊತ್ತಿಲ್ಲದ ಒಂದs ತಪ್ಪು ಮಾಡೂದೂ ಉಂಟು. ಟ್ಯಾಮಿಫ್ಲೂ ಗುಳಿಗಿಗೆ ಬಗ್ಗದಂಗ ಮಾಡೋ ಎಚ್275ವೈ ಮ್ಯುಟೇಶನ್ (ಎನ್‌ಎ ಪ್ರೋಟೀನಿನ 275ನೇ ಜಾಗದಾಗ ಎಚ್ ಅನ್ನೋ ಅಮೈನೋ ಆಮ್ಲ ಹೋಗಿ ವೈ ಬರೂದು) ಹಂಗs, ಸಂಬಂಧ ಇಲ್ಲದ ಕೊಂಬಿಗಳಾಗ ತಾನs ತಾನಾಗಿ ಹುಟ್ಟೇತಿ. ಅದಕ್ಕs ಒಂದು ಅಕ್ಷರ ನೋಡಿ ನೆಂಟಸ್ತನ ಹೇಳಬಾರದು, ಇಡೀ ಜೀನ್ ನೋಡಬೇಕು.

ಕುಡ್ಲದ_ಮೀನು • ರಾತ್ರಿ 10:41
ಎಚ್275ವೈ ಅಂತೀರಿ, ನಮ್ಮ ಲ್ಯಾಬಿನ ಹಳೇ ರಿಪೋರ್ಟಲ್ಲಿ ಎಚ್274ವೈ ಅಂತ ಉಂಟಲ್ಲ ಮಾರಾಯ್ರೆ. ಎರಡೂ ಬೇರೆಯಾ?

ಧಾರವಾಡ_ಫೇಡಾ • ರಾತ್ರಿ 10:47
ಎರಡೂ ಒಂದs. 274 ಅನ್ನೂದು ಎನ್2 ಪ್ರೋಟೀನಿನ ಎಣಿಕಿ, 275 ಎನ್1ನ ಸ್ವಂತ ಎಣಿಕಿ. ಎಚ್‌ಎನಾಗಂತೂ ಇನ್ನೂ ತಲಿಬ್ಯಾನಿ. ಎಚ್3 ಎಣಿಕಿ ಪ್ರಕಾರ 225ನೇ ಜಾಗ ಅಂದದ್ದು ಎಚ್1 ಎಣಿಕಿಯಾಗ 222, ಮುಂದಿನ ಸಿಗ್ನಲ್ ತುಂಡು ಹಿಡಿದು ಮೊದಲಿಂದ ಎಣಿಸಿದ್ರ 239. ಮೂರು ಪೇಪರ್ ಓದಿ ಮೂರು ಮ್ಯುಟೇಶನ್ ಅದಾವು ಅಂತ ಟೇಬಲ್ ಮಾಡಿದವ್ರನ್ನ ಬಲ್ಲೆ. ಹೆಸರು ಹೇಳಂಗಿಲ್ಲ, ಅವ್ರು ಕನ್ನಡಿಯಾಗ ದಿನಾ ಕಾಣ್ತಾರ.

ಕುಡ್ಲದ_ಮೀನು • ರಾತ್ರಿ 10:58
ಹೋ, ಆ 225! 2015 ನೆನಪಾಯ್ತು. ಆ ವರ್ಷ ಜನವರಿ-ಫೆಬ್ರವರಿಯಲ್ಲಿ ಎಚ್1ಎನ್1 ಗಲಾಟೆ ಎಂಥದ್ದು ಅಂದ್ರೆ ನಮಗೆ ಊಟಕ್ಕೂ ಪುರುಸೊತ್ತಿರ್ಲಿಲ್ಲ, ಗಂಟಲಿನ ಸ್ವಾಬ್ ಟ್ಯೂಬುಗಳು ಬುಟ್ಟಿ ಬುಟ್ಟಿ ಬರ್ತಿದ್ದವು. ಮಾರ್ಚಲ್ಲಿ ಪೇಪರಲ್ಲಿ ಬಂತು, ಭಾರತದ ವೈರಸ್ ಬದಲಾಗಿದೆ ಅಂತ ಅಮೆರಿಕದ ಎಂಐಟಿಯವರು ಹೇಳಿದ್ದಾರೆ ಅಂತ. ಮರುದಿನ ಹಾಗೆಂತದ್ದೂ ಇಲ್ಲ ಅಂತ ಸರ್ಕಾರ. ನಾವು ಯಾರನ್ನ ನಂಬುವುದು? ಕೊನೆಗೆ ಆದದ್ದೆಂತ ಅಂತ ಇವತ್ತಿಗೂ ನನಗೆ ಅರ್ಥ ಆಗ್ಲಿಲ್ಲ.

ಲ್ಯಾಬ್‌ಕೋಟ್_ಅಕ್ಕ • ರಾತ್ರಿ 11:24
ಬಡಪಾಯಿ, ನೀನೂ ಓದು. ನಿನ್ನ ಪ್ರಾಜೆಕ್ಟಿನ ಕಾಲದ್ದೇ ಕತೆ.

ರಾಮ್ ಶಶಿಶೇಖರನ್ ಎಂಐಟಿ ಪ್ರೊಫೆಸರ್. ಅವರ ತಂಡ ಸಾರ್ವಜನಿಕ ಡೇಟಾಬೇಸಿನಲ್ಲಿದ್ದ ಭಾರತದ ಎಚ್‌ಎ ಸೀಕ್ವೆನ್ಸುಗಳನ್ನ 2009ರ ಕ್ಯಾಲಿಫೋರ್ನಿಯಾ ತಳಿ ಜೊತೆ ಹೋಲಿಸ್ತು. ಅದರಲ್ಲಿ ಎ/ಇಂಡಿಯಾ/6427/2014 ಅನ್ನೋದರಲ್ಲಿ ಎರಡು ಬದಲಾವಣೆ ಎದ್ದು ಕಂಡವು. ಒಂದು ಟಿ200ಎ, ಇನ್ನೊಂದು ಡಿ225ಎನ್. ಮೊದಲನೇದು ನಮ್ಮ ಜೀವಕೋಶದ ಮೇಲಿನ ಸಕ್ಕರೆ ಸರಪಳಿಗೆ ವೈರಸ್ ಗಟ್ಟಿಯಾಗಿ ಅಂಟೋ ಹಾಗೆ ಮಾಡುತ್ತೆ ಅಂತ, ಎರಡನೇದಕ್ಕೂ ಕಾಯಿಲೆ ಜೋರಾಗೋದಕ್ಕೂ ನಂಟಿದೆ ಅಂತ ಅವರ ವಾದ. ಕೇಂದ್ರ ಸರ್ಕಾರ ಒಪ್ಪಲಿಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಇಬ್ಬರೂ ಜಗಳ ಆಡಿದ್ದು ವೈರಸ್ ಬಗ್ಗೆ ಅಲ್ಲ, ಖಾಲಿ ಡಬ್ಬದ ಬಗ್ಗೆ. ಹಿಂದಿನ ಎರಡು ವರ್ಷದಲ್ಲಿ ಭಾರತದಿಂದ ಡೇಟಾಬೇಸಿಗೆ ಸೇರಿದ್ದು ಅಂತ ಅವರ ಹೋಲಿಕೆಗೆ ಸಿಕ್ಕಿದ್ದೇ ಎರಡು ತಳಿ! ಇಷ್ಟು ದೊಡ್ಡ ದೇಶಕ್ಕೆ ಎರಡು. ಎರಡು ಸೀಕ್ವೆನ್ಸ್ ಇಟ್ಟುಕೊಂಡು "ಭಾರತದ ವೈರಸ್ ಬದಲಾಗಿದೆ" ಅನ್ನೋಕೂ ಆಗಲ್ಲ, ಉಳಿದದ್ದನ್ನ ಎಲ್ಲರ ಮುಂದೆ ಇಡದೆ "ಬದಲಾಗಿಲ್ಲ, ನಂಬಿ" ಅನ್ನೋಕೂ ಆಗಲ್ಲ.

ಇನ್ನೊಂದು ವಿಷಯ. 225ರ ಜಾಗ ಮೊದಲೇ ಚಪಲಚಿತ್ತದ್ದು. ವೈರಸ್ಸನ್ನ ಕೋಳಿಮೊಟ್ಟೆಯಲ್ಲಿ ಬೆಳೆಸಿದ್ರೆ ಆ ಜಾಗದಲ್ಲಿ ಬದಲಾವಣೆ ಬರೋದು ಚೆನ್ನಾಗಿ ಗೊತ್ತಿರೋ ಸಂಗತಿ. ಡಿ ಹೋಗಿ ಎನ್ ಆಗೋಕೆ ಆರ್‌ಎನ್‌ಎನಲ್ಲಿ ಜಿ ಇದ್ದಲ್ಲಿ ಎ ಬಂದ್ರೆ ಸಾಕು, ಒಂದೇ ಅಕ್ಷರ. ಹಾಗಾಗಿ ಆ ಥರದ ಬದಲಾವಣೆ ಕಂಡ ತಕ್ಷಣ ಕೇಳಬೇಕಾದ್ದು, ಇದು ರೋಗಿಯ ಗಂಟಲಿನಿಂದ ನೇರ ಓದಿದ್ದಾ, ಮೊಟ್ಟೆಯಲ್ಲಿ ಬೆಳೆಸಿ ಓದಿದ್ದಾ ಅಂತ. ಡೇಟಾಬೇಸಿನಲ್ಲಿ "ಪ್ಯಾಸೇಜ್" ಅಂತ ಒಂದು ಕಾಲಂ ಇರುತ್ತೆ, ಯಾರೂ ತೆಗೆದು ನೋಡಲ್ಲ.

ಓಲೆಗರಿ • ರಾತ್ರಿ 11:31
ಒಂದು ಊರಿನ ಲಿಪಿಕಾರರಿಗೆಲ್ಲ ಒಂದೇ ಚಟ ಇದ್ದ ಹಾಗೆ! ಕಾಗುಣಿತ ನೋಡಿಯೇ ಯಾವ ಸೀಮೆಯ ಪ್ರತಿ ಅಂತ ಹೇಳಬಹುದು, ಆದರೆ ಅದು ಕವಿಯ ಪಾಠವಲ್ಲ.

ಕೋಳಿಫಾರಂ_ಗೌಡ • ರಾತ್ರಿ 11:36
ಮೊಟ್ಟೆ ಅಂದ್ರಲ್ಲ, ಅದಕ್ಕೆ ಬಂದೆ. ನಮ್ದು ಚಿಕ್ಕಬಳ್ಳಾಪುರ ಕಡೆ. 2025ರ ಶುರುವಲ್ಲಿ ನಮ್ಮ ಜಿಲ್ಲೇಲಿ ಹಕ್ಕಿಜ್ವರ ಬಂದಾಗ ಸ್ಯಾಂಪಲ್ ಭೋಪಾಲ್ ಲ್ಯಾಬಿಗೆ ಕಳ್ಸಿದ್ರು. ಅಲ್ಲಿಂದ ಎಚ್5ಎನ್1 ಅಂತ ಬಂತು, ಸುತ್ತಮುತ್ತ ಕೋಳಿ ಎಲ್ಲ ಗುಂಡಿಗೆ ಹಾಕಿದ್ರು. ನಮ್ಮ ಫಾರಂ ಸ್ವಲ್ಪದ್ರಲ್ಲಿ ಉಳ್ಕೊಂತು. ಒಂದು ಕೇಳ್ತೀನಿ, ನೀವು ಅಕ್ಷರ ಅಕ್ಷರ ಅಂತೀರಲ್ಲ, ಕೋಳಿ ಸಾಯ್ಸೋ ವೈರಸ್ಸಾ ಸುಮ್ನೆ ನೆಗಡಿ ವೈರಸ್ಸಾ ಅಂತ ಬರೀ ಕಂಪ್ಯೂಟರ್ ನೋಡಿ ಹೇಳಕ್ಕಾಗ್ತದಾ?

ಲ್ಯಾಬ್‌ಕೋಟ್_ಅಕ್ಕ • ರಾತ್ರಿ 11:49
ಗೌಡ್ರೇ, ಬೇರೆ ಎಷ್ಟೋ ವಿಷಯಕ್ಕೆ "ಹೇಳಕ್ಕಾಗಲ್ಲ" ಅನ್ನಬೇಕಾಗುತ್ತೆ, ನಿಮ್ಮ ಪ್ರಶ್ನೆಗೆ ಮಾತ್ರ ಬಹಳ ಮಟ್ಟಿಗೆ "ಆಗುತ್ತೆ". ಎಚ್‌ಎ ಪ್ರೋಟೀನನ್ನ ಎರಡು ತುಂಡು ಮಾಡಿದ್ರೇನೇ ವೈರಸ್ಸಿಗೆ ಒಳಗೆ ನುಗ್ಗೋಕೆ ಆಗೋದು. ಆ ಕತ್ತರಿ ಬೀಳೋ ಜಾಗದಲ್ಲಿ ಆರ್ಜಿನೀನ್, ಲೈಸೀನ್ ಅನ್ನೋ ಅಮೈನೋ ಆಮ್ಲಗಳು ಸಾಲಾಗಿ ಕೂತಿದ್ರೆ, ಮೈಯ ಎಲ್ಲಾ ಅಂಗಗಳಲ್ಲೂ ಇರೋ ಕತ್ತರಿ ಅದನ್ನ ಕತ್ತರಿಸುತ್ತೆ, ವೈರಸ್ ಮಿದುಳು, ಲಿವರ್ ಎಲ್ಲಾ ಕಡೆ ಹರಡಿ ಕೋಳಿ ಸಾಯುತ್ತೆ. ಆ ಸಾಲು ಇಲ್ಲದಿದ್ರೆ ಉಸಿರಿನ ದಾರಿ, ಕರುಳು ಇಷ್ಟಕ್ಕೇ ನಿಲ್ಲುತ್ತೆ. ಅದು ಹಕ್ಕಿಗಳ ಮಟ್ಟಿಗೆ ಮಾತ್ರ, ಅದೂ ಎಚ್5, ಎಚ್7 ವಿಧಗಳಿಗೆ. ಮನುಷ್ಯರ ವಿಷಯಕ್ಕೆ ಬಂದ್ರೆ ಇಷ್ಟು ಸಲೀಸಾಗಿ ಹೇಳೋಕಾಗಲ್ಲ.

ಕೋಳಿಫಾರಂ_ಗೌಡ • ರಾತ್ರಿ 11:53
ಅಮೆರಿಕದಲ್ಲಿ ಹಸುಗೂ ಬಂತಂತಲ್ಲಕ್ಕ? ನಮ್ಮನೇಲಿ ಎರಡು ಎಚ್‌ಎಫ್ ಹಸು ಅವೆ.

ಲ್ಯಾಬ್‌ಕೋಟ್_ಅಕ್ಕ • ರಾತ್ರಿ 11:59
ಹೌದು, ಅಲ್ಲಿ ಗೊತ್ತಾಗಿದ್ದು 2024ರ ಮಾರ್ಚಿನಲ್ಲಿ. ಅದರಲ್ಲೂ ಟ್ರೀಗಳೇ ಕತೆ ಹೇಳಿದ್ದು. ಬೇರೆ ಬೇರೆ ರಾಜ್ಯದ ಹಸುಗಳ ವೈರಸ್ಸುಗಳೆಲ್ಲ ಒಂದೇ ಕೊಂಬೆಯಿಂದ ಕವಲೊಡೆದಿದ್ದವು. ಅಂದ್ರೆ ಎಲ್ಲಾ ಕಡೆ ಹಕ್ಕಿಯಿಂದ ಬೇರೆ ಬೇರೆಯಾಗಿ ಬಂದಿದ್ದಲ್ಲ, ಒಂದು ಸಲ ಹಕ್ಕಿಯಿಂದ ಹಸುವಿಗೆ ಬಂದು, ಆಮೇಲೆ ಹಸುವಿನಿಂದ ಹಸುವಿಗೆ ಹೋಗಿದ್ದು. ಬೇರೆ ಕೊಂಬೆಯ ವೈರಸ್ ನೆವಾಡಾದ ಹಸುಗಳಲ್ಲಿ ಸಿಕ್ಕಿದ್ದು 2025ರ ಜನವರಿಯಲ್ಲಿ. ನೀವು ಹಾಲು ಕಾಯಿಸಿಯೇ ಕುಡೀರಿ, ಅಷ್ಟು ಸಾಕು.

ಸುಮ್ನೆ_ಓದೋನು • ರಾತ್ರಿ 12:04
ಒಂದು ಅಸಂಬದ್ಧ ಪ್ರಶ್ನೆ. ಎಲ್ಲರೂ "ತಳಿ" ಅಂತಿದ್ದೀರಿ. ತಳಿ ಅಂದ್ರೆ ಭತ್ತದ್ದು, ನಾಯಿದು ಅಲ್ವಾ? ಕೋವಿಡ್ ಟೈಮಲ್ಲಿ ಪೇಪರಿನವರು "ರೂಪಾಂತರಿ" ಅಂತಿದ್ರು.

ಓಲೆಗರಿ • ರಾತ್ರಿ 12:11
ತಳಿಯೇ ಸರಿ. "ಪ್ರಭೇದ" ಅಂತ ಬರೆಯುವವರಿದ್ದಾರೆ, ಅದು ಬೇರೆ ಅರ್ಥಕ್ಕೆ ಆಗಲೇ ಮೀಸಲಾಗಿದೆ. "ರೂಪಾಂತರಿ" ಕೇಳಿದರೆ ಪೌರಾಣಿಕ ನಾಟಕದ ರಾಕ್ಷಸ ನೆನಪಾಗುತ್ತಾನೆ.

ಟರ್ಮಿನಲ್_ತಾತ • ರಾತ್ರಿ 12:15
ಅಲೈನ್‌ಮೆಂಟೇ ಬೇಡ ಅಂತ ಯಾರೂ ಇನ್ನೂ ಹೇಳಿಲ್ಲವಲ್ಲ, ಆಶ್ಚರ್ಯ. ಸೀಕ್ವೆನ್ಸನ್ನು ಆರಾರು ಅಕ್ಷರದ ತುಂಡು ಮಾಡಿ, ಯಾವ ತುಂಡು ಎಷ್ಟು ಸಲ ಬಂತು ಅಂತ ಎಣಿಸಿ, ಎಣಿಕೆಗಳನ್ನು ಹೋಲಿಸಿದರೆ ಆಯಿತು. ನನ್ನ ಹತ್ತು ವರ್ಷದ ಲ್ಯಾಪ್‌ಟಾಪು ಸಾವಿರಾರು ಸೀಕ್ವೆನ್ಸನ್ನು ಒಂದು ಕಾಫಿ ಮುಗಿಯುವುದರೊಳಗೆ ಹೋಲಿಸುತ್ತದೆ.

ಧಾರವಾಡ_ಫೇಡಾ • ಬೆಳಿಗ್ಗೆ 6:40
ತಾತಾ, ಆ ಎಣಿಕಿ ಇದು ಎಚ್1ನೋ ಎಚ್3ನೋ ಅಂತ ಬ್ಯಾರೆ ಮಾಡಾಕ ಛಲೋ. ಆದ್ರ 225ನೇ ಜಾಗದಾಗ ಏನಾಗೇತಿ ಅಂತ ಕೇಳಿದ್ರ ಅದು ಬಾಯಿ ಬಿಡೂದಿಲ್ಲ. ಯಾವ ಅಕ್ಷರಕ್ಕ ಯಾವ ಅಕ್ಷರ ಎದುರು ಅಂತ ಸಾಲು ಹಚ್ಚದ ಜಾಗದ ಮಾತು ಹೆಂಗ ಆಡ್ತೀರಿ? ಫ್ಲೂನ ಎಚ್‌ಎ ಜೀನ್ ಹೆಚ್ಚೂಕಡಿಮಿ 1,700 ಅಕ್ಷರ. ಅದನ್ನ ಅಲೈನ್ ಮಾಡಾಕ ಏನು ಸೂಪರ್‌ಕಂಪ್ಯೂಟರ್ ಬೇಕೇನ್ರೀ?

ಟರ್ಮಿನಲ್_ತಾತ • ಬೆಳಿಗ್ಗೆ 6:52
ಬೇಡ. ಆದರೆ ಹೆಸರು ಕತ್ತರಿಸುವ ಸ್ಕ್ರಿಪ್ಟೂ ಬೇಡ. ಮೊದಲು ಅದು ಸರಿಹೋಗಲಿ. ಬಡಪಾಯಿ, ಎಲ್ಲಿದ್ದೀಯಪ್ಪ? ಮೂಲ ಹೆಸರು ಸಿಕ್ಕಿತೋ ಇಲ್ಲವೋ?

ಕುಡ್ಲದ_ಮೀನು • ಬೆಳಿಗ್ಗೆ 7:15
ಅಕ್ಕ, ನಿನ್ನೆ ಫ್ರಿಜ್ಜು ಸರಿ ಅಂದ್ರಲ್ಲ, ಅದೆಂತ?

ಲ್ಯಾಬ್‌ಕೋಟ್_ಅಕ್ಕ • ಬೆಳಿಗ್ಗೆ 7:48
ವೈರಸ್ ವಯಸ್ಸಾಗದೆ ಉಳಿದ ಪ್ರಸಿದ್ಧ ಉದಾಹರಣೆ ಒಂದಿದೆ. ಮನುಷ್ಯರಲ್ಲಿ ಎಚ್1ಎನ್1 1957ರಲ್ಲಿ ಮಾಯವಾಗಿತ್ತು, ಎಚ್2ಎನ್2 ಬಂದು ಅದನ್ನ ಓಡಿಸಿತ್ತು. 1977ರಲ್ಲಿ ಚೀನಾ, ರಷ್ಯಾ ಕಡೆ ಮತ್ತೆ ಕಾಣಿಸ್ತು. ಇಪ್ಪತ್ತರ ಕೆಳಗಿನವರಿಗೇ ಜಾಸ್ತಿ ಬಂತು, ಯಾಕಂದ್ರೆ ದೊಡ್ಡವರ ಮೈಗೆ ಅದರ ಪರಿಚಯ ಇತ್ತು. ಆಗ ಇಡೀ ಜೀನೋಮ್ ಓದೋ ಸೌಲಭ್ಯ ಇರಲಿಲ್ಲ. ಪೀಟರ್ ಪಲೀಸ್ ಅವರ ತಂಡ ಆರ್‌ಎನ್‌ಎಯನ್ನ ತುಂಡು ಮಾಡಿ, ಚುಕ್ಕೆಗಳ ಬೆರಳಚ್ಚಿನ ಥರ ಹರಡಿ ಹೋಲಿಸಿ, 1978ರಲ್ಲೇ ಹೇಳ್ತು, ಇದು 1950ರ ಸುಮಾರಿನ ತಳಿಗಳಿಗೆ ಬಹಳ ಹತ್ತಿರ ಅಂತ. 27 ವರ್ಷದಲ್ಲಿ ಆಗಬೇಕಿದ್ದ ಬದಲಾವಣೆ ಆಗಿರಲೇ ಇಲ್ಲ. ಲ್ಯಾಬಿನಿಂದ ತಪ್ಪಿಸಿಕೊಂಡಿತೋ, ಲಸಿಕೆ ಪ್ರಯೋಗದಲ್ಲಿ ಏನೋ ಆಯ್ತೋ, ಅದರ ವಾದ ಇವತ್ತಿಗೂ ಮುಗಿದಿಲ್ಲ. ಎಲ್ಲೋ ತಣ್ಣಗೆ ಕೂತಿತ್ತು ಅನ್ನೋದನ್ನ ಮಾತ್ರ ಹೆಚ್ಚಿನವರು ಒಪ್ತಾರೆ.

ಬಡಪಾಯಿಗೂ ಒಂದು ಪರೀಕ್ಷೆ ಹೇಳ್ತೀನಿ. ಟೆಂಪ್‌ಎಸ್ಟ್ ಅಂತ ಪುಟ್ಟ ಪ್ರೋಗ್ರಾಂ ಇದೆ. ಅಡ್ಡಕ್ಕೆ ಸ್ಯಾಂಪಲ್ ತೆಗೆದ ದಿನಾಂಕ, ಉದ್ದಕ್ಕೆ ಬೇರಿನಿಂದ ತುದಿಗೆ ಎಷ್ಟು ದೂರ ಅಂತ ಚುಕ್ಕೆ ಇಡುತ್ತೆ. ಫ್ಲೂನಲ್ಲಿ ಚುಕ್ಕೆಗಳು ಹೆಚ್ಚೂಕಡಿಮೆ ಒಂದೇ ಏರುಗೆರೆ ಮೇಲೆ ಕೂರ್ತವೆ. ನಿನ್ನ "3" ಆ ಐದು ಸೆಗ್‌ಮೆಂಟುಗಳಲ್ಲಿ ಗೆರೆ ಬಿಟ್ಟು ಎಲ್ಲೋ ಒಂಟಿಯಾಗಿ ಬಿದ್ದಿರುತ್ತೆ.

ಕುಡ್ಲದ_ಮೀನು • ಬೆಳಿಗ್ಗೆ 8:02
ಜೆನ್‌ಬ್ಯಾಂಕ್ ಮಾತ್ರ ಯಾಕೆ, ಜಿಸೈಡ್ ಅಂತ ಇನ್ನೊಂದು ಡೇಟಾಬೇಸ್ ಉಂಟಲ್ಲ, ಅದರಲ್ಲಿ ಇನ್ನೂ ಜಾಸ್ತಿ ಸಿಗ್ತದಲ್ಲ?

ಧಾರವಾಡ_ಫೇಡಾ • ಬೆಳಿಗ್ಗೆ 8:10
ಸಿಗ್ತಾವು, ಖರೆ. ಆದ್ರ ಅಕೌಂಟ್ ಬೇಕು, ಕರಾರಿಗೆ ಸಹಿ ಬೇಕು, ಇಳಿಸಿಕೊಂಡ ಸೀಕ್ವೆನ್ಸ್ ಬ್ಯಾರೆಯವ್ರಿಗೆ ಹಂಚಂಗಿಲ್ಲ. ನನಗ ಅದು ಕಿರಿಕಿರಿ. ವಿಜ್ಞಾನದಾಗ ಡೇಟಾ ಅಂದ್ರ ಊರ ಬಾವಿ ಇದ್ದಂಗ ಇರಬೇಕು.

ಲ್ಯಾಬ್‌ಕೋಟ್_ಅಕ್ಕ • ಬೆಳಿಗ್ಗೆ 8:21
ಬಾವಿ ತೋಡಿದವರ ಮನೆಗೇ ನೀರಿಲ್ಲ ಅಂದ್ರೆ? 2007ರಲ್ಲಿ ಇಂಡೋನೇಷ್ಯಾ ಎಚ್5ಎನ್1 ಸ್ಯಾಂಪಲ್ ಕೊಡಲ್ಲ ಅಂತ ಕೂತಿದ್ದು ಇದಕ್ಕೇ. ನಮ್ಮ ವೈರಸ್ ತಗೊಂಡು ನೀವು ಲಸಿಕೆ ಮಾಡ್ತೀರಿ, ಆಮೇಲೆ ಅದನ್ನ ನಮಗೇ ದುಬಾರಿ ಬೆಲೆಗೆ ಮಾರ್ತೀರಿ ಅಂತ. ಜಿಸೈಡ್ ಶುರುವಾಗಿದ್ದು ಅದರ ಮರುವರ್ಷ. ಕೊಟ್ಟವರ ಹೆಸರು ಹೇಳಿ ಬಳಸಿ ಅನ್ನೋ ಕರಾರು ಇಲ್ಲದಿದ್ರೆ ಎಷ್ಟೋ ದೇಶಗಳು ಏನನ್ನೂ ಹಾಕ್ತಿರಲಿಲ್ಲ. 2015ರ ಆ ಎರಡೇ ಎರಡು ಸೀಕ್ವೆನ್ಸಿನ ಕತೆ ಮರೀಬೇಡಿ.

ಧಾರವಾಡ_ಫೇಡಾ • ಬೆಳಿಗ್ಗೆ 8:25
ಒಪ್ಪಿದೆ. ಅರ್ಧ.

ಬಯೋಇನ್ಫೋ_ಬಡಪಾಯಿ • ಬೆಳಿಗ್ಗೆ 10:37
ಕ್ಷಮಿಸಿ, ರಾತ್ರಿ ಮಲಗಿಬಿಟ್ಟೆ. ಸ್ಕ್ರಿಪ್ಟ್ ತೆಗೆದುಹಾಕಿ ಮೂಲ ಫೈಲಿನ ಹೆಡರ್ (ಸೀಕ್ವೆನ್ಸಿನ ಮೇಲಿರೋ ಹೆಸರಿನ ಸಾಲು) ನೋಡಿದೆ. "ಕ್ಯಾಲಿಫೋರ್ನಿಯಾ_2009_3"ರ ನಿಜವಾದ ಹೆಸರು ಇದು:

ಎ/ರೀಅಸಾರ್ಟೆಂಟ್/ಎನ್‌ವೈಎಂಸಿ ಎಕ್ಸ್-179ಎ (ಕ್ಯಾಲಿಫೋರ್ನಿಯಾ/07/2009 × ಎನ್‌ವೈಎಂಸಿ ಎಕ್ಸ್-157)

ಹೆಸರಲ್ಲೇ "ರೀಅಸಾರ್ಟೆಂಟ್" ಅಂತ ಇತ್ತು. ಆ ಸ್ಕ್ರಿಪ್ಟ್ ಅದೊಂದನ್ನೇ ಬಿಟ್ಟು ಮಿಕ್ಕಿದ್ದು ಹೆಕ್ಕಿಕೊಂಡಿದೆ.

ಲ್ಯಾಬ್‌ಕೋಟ್_ಅಕ್ಕ • ಬೆಳಿಗ್ಗೆ 10:44
ಅದೇ ಅಂದುಕೊಂಡಿದ್ದೆ! ಅದು ಲಸಿಕೆ ತಳಿ ಕಣೋ. 1934ರ ಪೋರ್ಟೊರಿಕೊ ವೈರಸ್ ಮೊಟ್ಟೆಯಲ್ಲಿ ಭರ್ಜರಿಯಾಗಿ ಬೆಳೆಯುತ್ತೆ, ಹೊಸ ತಳಿಗಳು ಸೊರಗ್ತವೆ. ಅದಕ್ಕೆ ಲ್ಯಾಬಿನಲ್ಲಿ ಎರಡನ್ನೂ ಬೆರೆಸಿ, ಹೊರಮೈಯ ಎಚ್‌ಎ-ಎನ್‌ಎ ಹೊಸದರದ್ದು, ಒಳಗಿನ ಎಂಜಿನ್ ಹಳೇದು ಇರೋ ಮರಿಯನ್ನ ಆರಿಸಿಕೊಳ್ತಾರೆ. ನ್ಯೂಯಾರ್ಕ್ ಮೆಡಿಕಲ್ ಕಾಲೇಜಿನವರು ಮಾಡಿದ ಈ ಎಕ್ಸ್-179ಎನಲ್ಲಿ ಪಿಬಿ1 ಕೂಡ ಹೊಸ ತಳಿಯದ್ದೇ ಬಂದಿದೆ. ಮೂರು ಹೊಸದು, ಐದು ಹಳೇದು (ಆ ಹಳೇ ಪೋರ್ಟೊರಿಕೊ ಜೀನುಗಳು ಬಂದಿದ್ದು ಎಕ್ಸ್-157 ಮೂಲಕ). ನಿನ್ನ ಟ್ರೀ ಅಕ್ಷರಶಃ ಅದನ್ನೇ ಹೇಳಿದೆ. ನಿನ್ನ ಅಲೈನ್‌ಮೆಂಟ್, ಟ್ರೀ, ಬೂಟ್‌ಸ್ಟ್ರ್ಯಾಪ್ ಎಲ್ಲಾ ಸರಿ, ತಪ್ಪಿದ್ದು ಚೀಟಿ ಒಂದೇ.

ಓಲೆಗರಿ • ಬೆಳಿಗ್ಗೆ 10:58
ಪುಷ್ಪಿಕೆ ಓದದೆ ಪ್ರತಿಯ ಕಾಲ ನಿರ್ಣಯ ಮಾಡಿದ ಹಾಗಾಯಿತು. ಲಿಪಿಕಾರ ಕೊನೆಯ ಗರಿಯಲ್ಲಿ ಎಲ್ಲವನ್ನೂ ಬರೆದಿಟ್ಟಿರುತ್ತಾನೆ, ನಾವು ಆ ಗರಿ ಬಿಟ್ಟು ಮಿಕ್ಕಿದ್ದೆಲ್ಲ ನೋಡುತ್ತೇವೆ.

ಕೋಳಿಫಾರಂ_ಗೌಡ • ಬೆಳಿಗ್ಗೆ 11:06
ಅಂದ್ರೆ ನಾಟಿಕೋಳಿ ತಲೆ, ಫಾರಂ ಕೋಳಿ ಮೈ.

ಸುಮ್ನೆ_ಓದೋನು • ಬೆಳಿಗ್ಗೆ 11:07
ಇಡೀ ಚರ್ಚೆಯಲ್ಲಿ ನನಗೆ ಅರ್ಥ ಆಗಿದ್ದು ಇದೊಂದೇ.

ಟರ್ಮಿನಲ್_ತಾತ • ಬೆಳಿಗ್ಗೆ 11:15
ಇನ್ನು ಮುಂದೆ ಟ್ರೀ ತುದಿಗಳಿಗೆ ಅಕ್ಸೆಶನ್ ನಂಬರ್ (ಡೇಟಾಬೇಸ್ ಕೊಡುವ ಗುರುತಿನ ಸಂಖ್ಯೆ) ಮಾತ್ರ ಇಡು. ಚಿತ್ರದಲ್ಲಿ ಬೇಕಾದ ಹೆಸರು ಕೊನೆಯಲ್ಲಿ, ಬೇರೆ ಪಟ್ಟಿಯಿಂದ ಅಂಟಿಸು. ಮೂಲ ಫೈಲಿಗೆ ಕೈ ಹಚ್ಚಬೇಡ. ನಮ್ಮ ಕಾಲದಲ್ಲಿ ಫಿಲಿಪ್ ಫಾರ್ಮ್ಯಾಟಿನಲ್ಲಿ ಹೆಸರಿಗೆ ಹತ್ತೇ ಅಕ್ಷರ ಜಾಗ ಇತ್ತು, ನಮಗೆ ಬೇರೆ ದಾರಿ ಇರಲಿಲ್ಲ. ನಿನಗೇನು ಬಂದಿತ್ತು?

ಕುಡ್ಲದ_ಮೀನು • ಬೆಳಿಗ್ಗೆ 11:20
ಗೈಡಿಗೆ ಹೇಳ್ಲಿಲ್ಲ ಅಲ್ವಾ? ಬಚಾವ್.

ಬಯೋಇನ್ಫೋ_ಬಡಪಾಯಿ • ಬೆಳಿಗ್ಗೆ 11:41
ಇಲ್ಲಿ ಪೋಸ್ಟ್ ಹಾಕೋ ಹತ್ತು ನಿಮಿಷ ಮುಂಚೇನೇ ಮೇಲ್ ಕಳಿಸಿದ್ದೆ. ಸಬ್ಜೆಕ್ಟ್ ಲೈನಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ ಬೇರೆ. ಈಗ ಉತ್ತರ ಬಂತು, ಒಂದೇ ಸಾಲು: "ಹೆಡರ್ ನೋಡಿದ್ಯಾ?"

ಅದು ಬಿಡಿ. ಆ ಸ್ಕ್ರಿಪ್ಟನ್ನ ನಮ್ಮ ಬ್ಯಾಚಲ್ಲಿ ಇನ್ನೂ ನಾಲ್ಕು ಜನಕ್ಕೆ ನಾನೇ ಕೊಟ್ಟಿದ್ದೀನಿ. ಒಬ್ಬಳು ನಿನ್ನೆ ಸಂಜೆ ಥೀಸಿಸ್ ಬೈಂಡಿಂಗ್‌ಗೆ ಕೊಟ್ಟಳಂತೆ.

ಟರ್ಮಿನಲ್_ತಾತ • ಬೆಳಿಗ್ಗೆ 11:43
ಇಲ್ಲಿ ಟೈಪ್ ಮಾಡ್ತಾ ಯಾಕೆ ಕೂತಿದ್ದೀಯ? ಓಡು.